ಹದಿನೇಳು ಬಾಗಿಲು

ಇಳಕಲ್ಲ,
೧೯ ಅಕ್ಟೋಬರ ೧೯೦೮

ಮಕ್ತುಮಬಿ ಆಪಾಳಿಗೆ ಅವಳ ಒಬ್ಬನೇ ತಮ್ಮ ಫಕ್ರುಸಾಬನ ಸಲಾಮು. ಓದಿ ಹೇಳುವ ದೊಡ್ಡ ಮಗ ಶಾಬುದ್ದೀನನಿಗೆ ಮಾಮುವಿನ ದುವಾ.

ಮೊದಲು ನನ್ನ ವಿಷಯ. ಬಾದಾಮಿಯ ಗುಡ್ಡದಿಂದ ಮನೆಯಷ್ಟು ದೊಡ್ಡ ಬಂಡೆಯೊಂದು ಊರ ಮೇಲೆ ಉರುಳಿ ಬರುತ್ತಿದ್ದಾಗ ಬೆನ್ನು ಕೊಟ್ಟು ನಿಲ್ಲಿಸಿದವನು ನಾನು ಎಂಬುದು ನಿಮಗೆ ಗೊತ್ತೇ ಇದೆ. ಆ ಹೊತ್ತಿಗೆ ನನ್ನ ಬಾಯಲ್ಲಿ ಎಲೆಯಡಿಕೆ ಇತ್ತು. ಉಗುಳಲು ಹೊರಳಿದರೆ ಊರು ಹೋಗುತ್ತದೆಂದು ರಸ ನುಂಗಿಕೊಂಡೇ ನಿಂತೆ. ಬಂಡೆ ಇಂದಿಗೂ ಅಲ್ಲೇ ಇದೆ. ಮುಂಜಾನೆಯ ಬಿಸಿಲಲ್ಲಿ ನೋಡಿದರೆ ನನ್ನ ಬೆನ್ನೆಲುಬಿನ ಗುರುತು ಕಾಣುತ್ತದೆ. ಇಂಥ ಮಾಮುವಿನ ಮನೆಯಲ್ಲಿ ನೇಯ್ಗೆ ಕಲಿಯುತ್ತಿರುವ ನಿನ್ನ ಸಣ್ಣ ಮಗ ಅಹ್ಮದಸಾಬನ ವಿಷಯದಲ್ಲಿ ನೀನು ಚಿಂತೆ ಮಾಡಬೇಕಾದ್ದೇ ಇಲ್ಲ.

ಎರಡನೆಯದು ಸಣ್ಣ ಸುದ್ದಿ. ಅಹ್ಮದಸಾಬ ರೇಷ್ಮೆಯ ಗಂಟು ಇಳಿಸಲು ಅಟ್ಟ ಹತ್ತಿದವನು ನಿಚ್ಚಣಿಕೆಯಿಂದ ಜಾರಿದ. ತಲೆಗೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿದೆ. ಹುನಗುಂದದ ದವಾಖಾನೆಯ ಡಾಕ್ಟರರು ಬಂದು ನೋಡಿ, ಕೆಲವು ದಿನ ಮಲಗಿರಲಿ ಎಂದಿದ್ದಾರೆ. ಆದ್ದರಿಂದ ರಮಜಾನ ಹಬ್ಬಕ್ಕೆ ಬಾಗಲಕೋಟೆಗೆ ಬರುವುದಿಲ್ಲ. ಅವನ ಪಾಲಿನ ಸುರಕುಂಬಾ ಪಾಯಸ ಶಾಬುದ್ದೀನ ಕುಡಿಯಲಿ.

ನಿನ್ನ ತಮ್ಮ
ಫಕ್ರುಸಾಬ

ತಾ.ಕ.: ಅಹ್ಮದ ಕೂಸಿದ್ದಾಗ ಯಾವ ಹಾಡು ಹೇಳಿ ಮಲಗಿಸುತ್ತಿದ್ದೆ, ಆಪಾ? ಸುಮ್ಮನೆ ಕೇಳಿದೆ.

*

ಬಾಗಲಕೋಟೆ,
೨೪ ಅಕ್ಟೋಬರ ೧೯೦೮

ಮಾಮು ಅವರಿಗೆ ಶಾಬುದ್ದೀನನ ಸಲಾಮು.

ನಿಮ್ಮ ಪತ್ರ ನಿನ್ನೆ ಬಂತು. ಸ್ಟೇಷನ್ನಿನ ಮಾಲಗೋದಾಮಿನ ಕೆಲಸ ಮುಗಿಸಿ ಬಂದು ಅಮ್ಮನಿಗೆ ಓದಿ ಹೇಳಿದೆ. ಬಂಡೆಯ ಸುದ್ದಿಗೆ ಎಂದಿನಂತೆ ನಗಲಿಲ್ಲ. ಅಟ್ಟದ ಸುದ್ದಿಯನ್ನು ಎರಡು ಸಲ ಓದಿಸಿದಳು, ತಾಜಾ ಕಲಮನ್ನು ಮೂರು ಸಲ. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಬೇಕೆಂದು ಅಪ್ಪಣೆಯಾಗಿದೆ:

"ಫಕ್ರ್ಯಾ, ಮಾತ ಬಂದಾಗಿಂದ ನೀ ಸುಳ್ಳ ಹೇಳ್ಕೋತ ಬಂದೀದಿ, ನಾ ಕೇಳ್ಕೋತ ಬಂದೇನಿ. ನಿನ್ನ ಸುಳ್ಳು ಯಾವತ್ತೂ ಗುಡ್ಡದಷ್ಟು ಇರತಾವ. ಅವಕ್ಕ ನಾ ಅಂಜೂದಿಲ್ಲ. ಈ ಸಲ ನಿಂಬಿಹಣ್ಣಿನಷ್ಟು ಸಣ್ಣದ ಹೇಳೀದಿ. ಅದಕ್ಕ ನನ್ನ ಎದಿ ಹಾರಾಕತ್ತೈತಿ. ನನ್ನ ಮಗಾ ನಿನ್ನ ಪ್ರತಿ ಪತ್ರದ ಬುಡಕ ತಾನ ಎರಡ ಸಾಲ ಬರೀತಿದ್ದ. ಈ ಸಲ ಯಾಕ ಬರದಿಲ್ಲ? ಅವನ ಕೈಲೇನ ಬರಸು. ಮತ್ತ ಹಾಡ ಯಾಕ ಬೇಕಾತು ನಿನಗ?"

ಹಾಡು ಯಾವುದೆಂದು ಹೇಳದೆ ಎದ್ದು ಒಳಗೆ ಹೋದಳು. ನನಗೂ ತಿಳಿಯಬೇಕಾಗಿದೆ, ಮಾಮು.

ಶಾಬುದ್ದೀನ

*

ಇಳಕಲ್ಲ,
೨ ನವೆಂಬರ ೧೯೦೮

ಆಪಾ,

ಬಿದ್ದಾಗ ಬಲಗೈ ಉಳುಕಿದೆ. ಅದಕ್ಕೇ ಅವನು ಬರೆದಿಲ್ಲ. ಅಷ್ಟೇ.

ನೀನು ಗಾಡಿ ಹತ್ತಿ ಬರುವ ವಿಚಾರ ಮಾಡಿದ್ದರೆ ಬೇಡ. ಇಲ್ಲಿ ಪ್ಲೇಗು ಬಿದ್ದಿದೆ. ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದೇವೆ. ಸರಕಾರದವರು ಗಾಡಿಗಳನ್ನು ತಡೆಯುತ್ತಿದ್ದಾರೆ. ನಾನು ದಿನಕ್ಕೆ ನಲವತ್ತು ಇಲಿಗಳನ್ನು ಬಾಲ ಹಿಡಿದು ಎಸೆಯುತ್ತಿದ್ದೇನೆ. ಮಾಮಲೇದಾರರು ನೋಡಿ ಬೆರಗಾಗಿ ಹೋದರು.

ನಿನ್ನ ತಮ್ಮ ಫಕ್ರು

(ಪತ್ರದ ಮಡಿಕೆಯೊಳಗಿನ ಚೀಟಿ)

ಶಾಬುದ್ದೀನ, ಇದನ್ನು ಆಪಾಳಿಗೆ ಓದಬೇಡ. ಓದಿ ಒಲೆಗೆ ಹಾಕು.

ಅವನು ಆರು ದಿನ ಕಣ್ಣು ತೆರೆಯಲಿಲ್ಲ. ಏಳನೆಯ ದಿನ ತೆರೆದ. ನಾನು ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವನು ನನ್ನನ್ನು ನೋಡಿ, "ನೀವು ಯಾರ್ರಿ?" ಎಂದ. ಬಹುವಚನದಲ್ಲಿ ಕೇಳಿದ, ಶಾಬುದ್ದೀನ. ಹುಟ್ಟಿದಾಗಿನಿಂದ ನನಗೆ ನೀ ಎನ್ನುವ ಹುಡುಗ.

ಬಲಗಾಲು ಎತ್ತಲು ಬರುವುದಿಲ್ಲ. ನನ್ನ ಹೆಂಡತಿ ಲಾಲಬಿಯನ್ನು ದಾದಿ ಎಂದು ತಿಳಿದಿದ್ದಾನೆ. "ಈಗ ಮುಂಜಾನಿಯೋ ಸಂಜಿಯೋ?" ಎಂದು ಕೇಳುತ್ತಾನೆ. ಹೇಳಿದರೆ ತಲೆಯಾಡಿಸಿ, ಉಗುಳು ನುಂಗುವಷ್ಟರಲ್ಲಿ ಮತ್ತೆ ಅದನ್ನೇ ಕೇಳುತ್ತಾನೆ. ನಿನ್ನೆ, "ಅಬ್ಬಾ ಎಲ್ಲಿ ಹೋಗ್ಯಾನ?" ಎಂದ. ನಿಮ್ಮ ಅಬ್ಬಾ ತೀರಿ ನಾಲ್ಕು ವರ್ಷವಾಯಿತೆಂದು ಹೇಳಿದೆ. ಮೊದಲ ಸಲ ಕೇಳಿದವನ ಹಾಗೆ ಅತ್ತ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. ಈ ಸಲ ಬಾದಾಮಿಗೆ ಹೋಗಿದ್ದಾನೆ ಎಂದೆ.

ಡಾಕ್ಟರರು ಕತ್ತಲ ಕೋಣೆಯಲ್ಲಿ ಮಲಗಿಸಿ, ಯಾರೂ ಮಾತಾಡಿಸಬೇಡಿ ಎಂದು ಹೇಳಿಹೋದರು. ಹಾಗೇ ಮಾಡಿದ್ದೇವೆ. ಕತ್ತಲಲ್ಲಿ ಅವನ ಉಸಿರು ಕೇಳುತ್ತ ಬಾಗಿಲ ಹೊರಗೆ ಕೂತಿರುತ್ತೇನೆ. ನನಗೆ ಅಂಜಿಕೆಯಾಗುತ್ತದೆ ಎಂದು ಈ ಜನ್ಮದಲ್ಲಿ ಯಾರಿಗೂ ಬರೆದಿರಲಿಲ್ಲ. ನಿನಗೆ ಬರೆದಿದ್ದೇನೆ. ಒಲೆಗೆ ಹಾಕು.

*

ಬಾಗಲಕೋಟೆ,
೧೫ ನವೆಂಬರ ೧೯೦೮

ಮಾಮು,

ಚೀಟಿಯನ್ನು ಸುಟ್ಟಿಲ್ಲ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ.

ಗಾಡಿ ಹೊಡೆಯುವ ಹಣಮಪ್ಪ ಇಳಕಲ್ಲಿನಿಂದ ಸೀರೆಯ ಗಂಟು ತಂದಿದ್ದ. ಪ್ಲೇಗು ಹೇಗಿದೆ ಎಂದು ಕೇಳಿದೆ. "ಎಲ್ಲಿ ಪ್ಲೇಗ್ರೀ? ಊರಾಗ ಒಂದ ಇಲಿನೂ ಸತ್ತಿಲ್ಲ. ನಿಮ್ಮ ಮಾಮು ತಮ್ಮ ಮನಿ ಕಟ್ಟಿ ಮ್ಯಾಲ ಕುಂತಿದ್ರು, ನಾ ಮಾತಾಡ್ಸೇ ಬಂದೇನಿ," ಎಂದ. ಇನ್ನೊಂದು ಮಾತೂ ಹೇಳಿದ. ಗುಡೂರಿನಲ್ಲಿ ಎತ್ತಿಗೆ ನೀರು ಕುಡಿಸುವಾಗ ಯಾರೋ ತಾಲೀಮಿನ ಪೈಲವಾನರು ಎತ್ತುವ ಕಲ್ಲಿನ ಸುದ್ದಿ ಮಾತಾಡುತ್ತಿದ್ದರಂತೆ, ಅಹ್ಮದನ ಹೆಸರೂ ಬಂತಂತೆ. ಅಟ್ಟ ಇರುವುದು ಇಳಕಲ್ಲಿನಲ್ಲಿ, ಕಲ್ಲು ಇರುವುದು ಗುಡೂರಿನಲ್ಲಿ. ಇದರ ಅರ್ಥ ನೀವೇ ಬರೆಯಿರಿ.

ನಾನೇ ಬರುತ್ತಿದ್ದೆ. ಹತ್ತಿಯ ಸುಗ್ಗಿ ಬಂದು ವ್ಯಾಗನ್ನುಗಳು ಸಾಲುಗಟ್ಟಿವೆ. ಫೆಬ್ರುವರಿಯವರೆಗೆ ರಜೆ ಇಲ್ಲವೆಂದು ಸಾಹೇಬರು ಖಡಾಖಂಡಿತ ಹೇಳಿದ್ದಾರೆ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. ಆದರೆ ನಿನ್ನೆ ರೊಟ್ಟಿ ಬಡಿಯುತ್ತ ತಾನಾಗಿಯೇ ಹೇಳಿದಳು: "ಅಹ್ಮದಗ ನಾ ಹಾಡ ಹೇಳ್ತಿದ್ದಿಲ್ಲ. ಬೆನ್ನ ತಟ್ಟಿ ಎಣಿಕಿ ಹೇಳ್ತಿದ್ದೆ. ಒಂದಂದ್ರ ಒಂದ ತಟ್ಟ, ಎರಡಂದ್ರ ಇನ್ನೊಂದ. ಹದಿನಾರು ಹದಿನೇಳಕ್ಕ ಮಲಗತಿದ್ದ. ಹಿಂಗಂತ ಫಕ್ರ್ಯಾಗ ಬರೀ."

ಬರೆದಿದ್ದೇನೆ.

ಶಾಬುದ್ದೀನ

*

ಇಳಕಲ್ಲ,
೧೦ ಡಿಸೆಂಬರ ೧೯೦೮

ಶಾಬುದ್ದೀನನಿಗೆ,

ಕಲ್ಲಿನ ಮಾತು ಆಮೇಲೆ. ಮೊದಲು ಒಳ್ಳೆಯ ಸುದ್ದಿ ಕೇಳು.

ನಿನ್ನ ಪತ್ರ ಬಂದ ದಿನವೇ ಜಲಾಲುದ್ದೀನ ಉಸ್ತಾದರು ಮನೆಗೆ ಬಂದರು. ನಮ್ಮ ತಾಲೀಮಿನಲ್ಲಿ ಮೂರು ತಲೆಮಾರಿಗೆ ಕುಸ್ತಿ ಕಲಿಸಿದವರು. ಕುಸ್ತಿಯಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಸಾಕಷ್ಟು ನೋಡಿದವರು. ಕತ್ತಲ ಕೋಣೆಯ ಬಾಗಿಲು ತೆರೆಸಿ, ಅಹ್ಮದನ ಪಾದವನ್ನು ಚಿವುಟಿ ನೋಡಿ, ನನ್ನ ಕಡೆ ತಿರುಗಿದರು. "ಎಷ್ಟ ದಿನಾ ಆತು ಮಲಗಿಸಿ?"

"ಒಂದ ತಿಂಗಳ ಮ್ಯಾಲಾತ್ರಿ."

"ಕಾಲ ಒಣಗಾಕತ್ತೈತಲ್ಲೋ ಮೂರ್ಖಾ. ಹೆಸರು ಮರತಾನ, ನಡಿಯೂದೂ ಮರತಾನ. ಎರಡನ್ನೂ ಕೂಡೇ ಕಲಿಸಬೇಕು. ಎಬ್ಬಿಸು."

ನಾನು ಹೆದರಿದೆ. ಡಾಕ್ಟರರ ಮಾತು ಮೀರಿದರೆ ಪ್ರಾಣ ಹೋಗುತ್ತದೋ ಏನೋ. ಎತ್ತಿ ಕೂರಿಸಿದಾಗ ಅವನ ತಲೆ ನನ್ನ ಹೆಗಲಿಗೆ ಬಿತ್ತು, ಮೈಯೆಲ್ಲ ಬೆವರು. ಲಾಲಬಿ ಬಾಗಿಲ ಸಂದಿಯಿಂದ ನೋಡಿ ಮೋರೆ ಮುಚ್ಚಿಕೊಂಡಳು. ಉಸ್ತಾದರು ಮಾತ್ರ ಅವನನ್ನು ಮಗ್ಗದ ಕಾಲಿಳಿಸುವ ಕುಣಿಯ ದಂಡೆಯಲ್ಲಿ ಕೂರಿಸಿ, ಬೆನ್ನಿಗೆ ನನ್ನ ಧೋತರ ಕಟ್ಟಿ ಕಂಬಕ್ಕೆ ಬಿಗಿಸಿ, ಎರಡೂ ಕಾಲನ್ನು ತುಳಿಯುವ ಹಲಗೆಯ ಮೇಲೆ ಇಡಿಸಿದರು. ಎಡಗಾಲಿಗೆ ಒಂದು ಮಾತು, ಬಲಗಾಲಿಗೆ ಇನ್ನೊಂದು. ಎಡಗಾಲು ತುಳಿದು "ಅಮ್ಮಾ". ಬಲಗಾಲನ್ನು ನಾನು ಕೈಯಿಂದ ಒತ್ತಬೇಕು, ಅವನು "ಮಕ್ತುಮಬಿ" ಎನ್ನಬೇಕು. ಮೊದಲ ದಿನ ಆರು ಸಲ ತುಳಿಯುವಷ್ಟರಲ್ಲಿ ನಿದ್ದೆ ಹೋದ. ಎಂಟನೆಯ ದಿನ ಬಲಗಾಲು ತಾನೇ ಒತ್ತಿತು. ಅದೇ ಹೊತ್ತಿಗೆ ಬಾಯಿಂದ ನಿಮ್ಮ ಅಮ್ಮನ ಹೆಸರೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

ಆಮೇಲೆ ತೊಲೆಗೆ ಹಗ್ಗ ಇಳಿಬಿಟ್ಟು, ಅದನ್ನು ಹಿಡಿದು ಬಸ್ಕಿ. ಏಳುವಾಗ ಒಂದು ಹೆಸರು ಹೇಳಬೇಕು, ಕೂರುವಾಗ ಉಸಿರು ಬಿಡಬೇಕು. ಈಗ ಓಣಿಯ ನಡಿಗೆ. ನಮ್ಮ ಮನೆಯಿಂದ ಬಾವಿಯವರೆಗೆ ಹದಿನೇಳು ಬಾಗಿಲು. ಪ್ರತಿ ಬಾಗಿಲಿಗೂ ನಿಂತು ಒಳಗಿರುವವರ ಹೆಸರು ಹೇಳಿ ಮುಂದೆ ಹೋಗಬೇಕು. ಹೆಸರು ಬರದಿದ್ದರೆ ಬಿಟ್ಟು ನಡೆಯಬೇಕು, ಹಿಂದಿರುಗುವಾಗ ಮತ್ತೆ ಕೇಳಬೇಕು. ಹೀಗೆಂದು ಹೇಳಿ ಉಸ್ತಾದರು ಮಗಳ ಊರಿಗೆ ಹೋದರು.

ಅವರು ಹೋದ ಮೇಲೆ ಎಲ್ಲ ನಾನೇ. ಒಂಬತ್ತೇ ದಿನದಲ್ಲಿ ಹುಡುಗ ಹದಿನೇಳು ಬಾಗಿಲನ್ನೂ ಹೇಳಿದ! ಒಂದೂ ತಪ್ಪಿಲ್ಲ! ಓಣಿಯ ಹೆಂಗಸರು ಹೊರಗೆ ಬಂದು ನಿಂತು ನೋಡುತ್ತಾರೆ. ಹಜರತಬಿ ಅಜ್ಜಿ ನನ್ನ ಕೈ ಹಿಡಿದು, "ಫಕ್ರುಸಾಬ, ನೀ ಡಾಕ್ಟರ ಆಗಬೇಕಿತ್ತು," ಎಂದಳು. ಬೆಲ್ಲ ಹಂಚಿದೆ. ಹುನಗುಂದದ ಡಾಕ್ಟರರು ಬಂದರೆ ಅವರಿಗೂ ಕಲಿಸಿಕೊಡುತ್ತೇನೆ.

ಇದನ್ನು ಆಪಾಳಿಗೆ ಓದು. ಕತ್ತಲ ಕೋಣೆಯದು ಬಿಟ್ಟು ಓದು.

ನಿನ್ನ ಮಾಮು

*

ಇಳಕಲ್ಲ,
೨೦ ಡಿಸೆಂಬರ ೧೯೦೮

ಶಾಬುದ್ದೀನ,

ಹಿಂದಿನ ಪತ್ರವನ್ನು ಆಪಾಳಿಗೆ ಓದಿದ್ದರೆ, ಅದು ಸುಳ್ಳೆಂದು ಹೇಗೆ ಹೇಳುವೆಯೋ ನನಗೆ ತಿಳಿಯದು.

ಉಸ್ತಾದರು ತಿರುಗಿ ಬಂದರು. ನಾನು ಓಣಿಗೆಲ್ಲ ಹೇಳಿ ಜನ ಕೂಡಿಸಿದೆ. ಎಂದಿನಂತೆ ಅಹ್ಮದನ ಮುಂದೆ ನಿಂತು ಹಿಂದಕ್ಕೆ ಹೆಜ್ಜೆ ಹಾಕುತ್ತ ಹೊರಟೆ. ಮೊದಲ ಬಾಗಿಲು, ಸರಿ. ಎರಡನೆಯದು, ಸರಿ. ಉಸ್ತಾದರು ಕೋಲು ಅಡ್ಡ ಹಿಡಿದರು. "ಫಕ್ರ್ಯಾ, ನೀ ಅವನ ಬೆನ್ನಿಂದ ಹೋಗಿ ನಿಲ್ಲು."

"ಯಾಕ್ರೀ? ಬಿದ್ದಗಿದ್ದಾನು."

"ಬೀಳಲಾರದಂಗ ನಡಾ ಹಿಡಿ. ಬೆನ್ನಿಂದ ಹಿಡಿ."

ಹಿಂದೆ ಹೋಗಿ ನಿಂತೆ. ಮೂರನೆಯ ಬಾಗಿಲಿಗೆ ಅಹ್ಮದ ನಿಂತ. ಬಾಗಿಲನ್ನು ನೋಡಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಯಾರನ್ನೋ ಹುಡುಕುತ್ತಿದ್ದ. ಹುಡುಕುತ್ತಿದ್ದುದು ನನ್ನ ಬಾಯಿಯನ್ನು.

ನಾನು ಬೇಕೆಂದು ಮಾಡಿದ್ದಲ್ಲ. ಅಥವಾ ಬೇಕೆಂದೇ ಮಾಡಿದ್ದು. ಅವನು ತಡವರಿಸಿದರೆ ಓಣಿಯವರ ಮುಂದೆ ನನಗೆ ತಡೆಯಲು ಆಗುತ್ತಿರಲಿಲ್ಲ. ತುಟಿ ಅಲ್ಲಾಡಿಸುತ್ತಿದ್ದೆ. ಅವನು ನನ್ನ ತುಟಿ ನೋಡಿ ಹೇಳುತ್ತಿದ್ದ. ಒಂಬತ್ತು ದಿನ ಅವನು ಕಲಿತದ್ದು ನನ್ನ ತುಟಿಯನ್ನು, ಹೆಸರುಗಳನ್ನಲ್ಲ.

ಅವನು ಕೊನೆಗೆ, "ಇದು ಯಾವ ಊರು?" ಎಂದ. ಬೆಲ್ಲ ತಿಂದವರೆಲ್ಲ ಒಬ್ಬೊಬ್ಬರೇ ಒಳಗೆ ಹೋದರು.

ಉಸ್ತಾದರು ಬೈಯಲಿಲ್ಲ. ಬೈದಿದ್ದರೆ ನೆಟ್ಟಗಿರುತ್ತಿತ್ತು. "ನಾಳಿಂದ ಒಂದನೇ ಬಾಗಲದಿಂದ," ಎಂದು ಹೋದರು. ಈಗ ನಾನು ಬೆನ್ನ ಹಿಂದೆ ನಡೆಯುತ್ತೇನೆ. ಬಲಗೈಯನ್ನು ಅವನ ಬೆನ್ನ ಮೇಲೆ ಇಡುತ್ತೇನೆ. ಆಪಾ ಹೇಳಿದ ಹಾಗೆ, ಹೆಜ್ಜೆಗೊಂದು ತಟ್ಟು. ಬಾಯಿ ಮುಚ್ಚಿರುತ್ತೇನೆ. ಇಷ್ಟು ವರ್ಷದಲ್ಲಿ ನಾನು ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ಇದೇ ಮೊದಲು. ಈ ವಾರ ಎರಡು ಬಾಗಿಲು ಅವನವೇ ಆಗಿವೆ. ಎರಡೇ. ಆದರೆ ಅವನವು.

ಫಕ್ರುಸಾಬ

*

ಬಾಗಲಕೋಟೆ,
೫ ಜನವರಿ ೧೯೦೯

ಮಾಮು,

ಅಮ್ಮನಿಗೆ ಈಗ ಎಲ್ಲ ಗೊತ್ತು. ಪೆಟ್ಟಿಗೆಯ ಬೀಗದ ಕೈ ಕೇಳಿದಳು, ಕೊಟ್ಟೆ. ಚೀಟಿಯನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಕೊಟ್ಟು ಓದು ಎಂದಳು. ಬಹುವಚನದ ಮಾತಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿ, ನೀರು ಕುಡಿದು, ಮುಂದೆ ಓದಿಸಿದಳು.

ಅವಳು ಅತ್ತಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಳೆ, ಗಾಡಿಯಲ್ಲಿ ಕೂತು ಬರಬೇಕೆಂದು. ಅವಳು ಕೇಳಿದ್ದು ಒಂದೇ:

"ಪೆಟ್ಟ ಹ್ಯಾಂಗ ಬಿತ್ತು ಅನ್ನೂದೊಂದ ಹೇಳು ಫಕ್ರ್ಯಾ. ನೀ ಹೇಳಲಿಲ್ಲಂದ್ರ ನಾ ಬಂದು ನನ್ನ ಮಗನ್ನ ಕೇಳ್ತೇನಿ."

ಶಾಬುದ್ದೀನ

*

ಇಳಕಲ್ಲ,
೧೮ ಜನವರಿ ೧೯೦೯

ಆಪಾಳಿಗೆ, ಶಾಬುದ್ದೀನನಿಗೆ,

ಹನ್ನೊಂದು ಬಾಗಿಲು ಆಗಿವೆ. ಉಸ್ತಾದರು ಎರಡೂ ಕೈಗೆ ಸೇರುಗಲ್ಲು ಕೊಟ್ಟು ನಡೆಸುತ್ತಾರೆ. ಮೊದಲ ಮನೆಯಲ್ಲಿ ಒಂದು ಮಾತು ಹೇಳಿ ಕಳಿಸುತ್ತಾರೆ, ಅದನ್ನು ಮರೆಯದೆ ಬಾವಿಯವರೆಗೆ ಒಯ್ದು ತಿರುಗಿ ತರಬೇಕು. ನಿನ್ನೆ ತಂದ. ಅಬ್ಬಾ ತೀರಿದ್ದು ಅವನಿಗೆ ಈಗ ಗೊತ್ತಿದೆ. ಬಸ್ಕಿಗೆ ಎದ್ದಾಗ ತಾನೇ ಹೇಳಿದ, ಆಮೇಲೆ ಮತ್ತೆ ಕೇಳಿಲ್ಲ. ಹಳೆಯದು ಮೊದಲು ಬರುತ್ತದೆ, ಹೊಸದು ಆಮೇಲೆ. ಪ್ರತಿದಿನ ಒಂದಿಷ್ಟು ಈಚೆಗೆ, ಈಚೆಗೆ ಬರುತ್ತಿದ್ದಾನೆ.

ನಿಮಗೆ ತಿಳಿಯಲಿಲ್ಲವೇ? ಅವನು ಬಿದ್ದ ಆ ದಿನದ ಕಡೆಗೆ ಬರುತ್ತಿದ್ದಾನೆ.

ಹದಿನೈದು ದಿನದ ಹಿಂದೆ ಹಗ್ಗ ಹಿಡಿದು ಎದ್ದವನು, "ಮಾಮು, ಗುಡೂರಾಗ ನನಗ ಭಾಳ ನೀರಡಿಕಿ ಆಗಿತ್ತಲ್ಲಾ, ಯಾಕ?" ಎಂದ. ನನ್ನ ಕೈ ಅವನ ಬೆನ್ನಿನಿಂದ ತಾನಾಗಿ ಸರಿಯಿತು. ಮರುದಿನ ಉಸ್ತಾದರಿಗೆ ಹುಡುಗನಿಗೆ ಜ್ವರವಿದೆ ಎಂದು ಹೇಳಿ ಕಳಿಸಿದೆ. ಜ್ವರ ಇರಲಿಲ್ಲ. ನಾಲ್ಕು ದಿನ ಅವನನ್ನು ಮಲಗಿಸಿದೆ. ಐದನೆಯ ದಿನ ಎಬ್ಬಿಸಿದರೆ ಬಲಗಾಲು ಮತ್ತೆ ಎಳೆಯುತ್ತಿತ್ತು. ಹನ್ನೊಂದರಲ್ಲಿ ಆರು ಬಾಗಿಲು ಹೋಗಿದ್ದವು. ಲಾಲಬಿ ರೊಟ್ಟಿ ತಂದಿಟ್ಟಾಗ ಅವಳನ್ನು ಯಾರ್ರಿ ಎನ್ನುವಂತೆ ನೋಡಿದ. ನನ್ನ ಗುಟ್ಟು ಬಯಲಾಗುವ ಅಂಜಿಕೆಗೆ ನಾನು ಅವನನ್ನು ತಿರುಗಿ ಆ ಕತ್ತಲಿಗೆ ತಳ್ಳುತ್ತಿದ್ದೆ. ಉಸ್ತಾದರ ಮನೆಗೆ ಓಡಿದೆ, ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಅಂದೇ ಮತ್ತೆ ಶುರು ಮಾಡಿದೆವು. ಹೋದವು ಈಗ ಬಂದಿವೆ.

ಆಪಾ, ಅಟ್ಟವಲ್ಲ. ಗುಡೂರ ತಾಲೀಮಿನ ಅಂಗಳದಲ್ಲಿ ಒಂದು ಗುಂಡುಕಲ್ಲಿದೆ. ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕುರಿ ಸಾಕುವ ಅಮಸಿದ್ದಪ್ಪನೊಡನೆ ನಾನು ಪಣ ಕಟ್ಟಿದೆ, ನನ್ನ ಅಳಿಯ ಎತ್ತುತ್ತಾನೆಂದು. ಎದೆಯವರೆಗೆ ಎತ್ತಿದ. ಕಲ್ಲಿನ ಸಮೇತ ಹಿಂದಕ್ಕೆ ಬಿದ್ದ, ತಲೆ ಚಪ್ಪಡಿಗೆ ಬಡಿಯಿತು.

ಸಣ್ಣ ಪಣವಲ್ಲ, ಆಪಾ. ಇನ್ನೂರು ರೂಪಾಯಿ. ಯಾರ ತಲೆಯಾದರೂ ತಿರುಗುವಂಥ ರಕಮು. ಅದನ್ನು ನೆನಪಿಟ್ಟು ನನ್ನನ್ನು ಬೈಯಿ.

ಫಕ್ರು

*

ಬಾಗಲಕೋಟೆ,
೩೦ ಜನವರಿ ೧೯೦೯

ಮಾಮು,

ನಾನು ಬರೆಯಬೇಕೆಂದಿದ್ದನ್ನು ಬರೆಯುವುದಿಲ್ಲ. ಅಮ್ಮ ಹೇಳಿದ್ದು ಇಷ್ಟು:

"ನನ್ನ ಮಗಗ ಯಾಕ ನೀರಡಿಕಿ ಆಗಿತ್ತು? ನಾ ಬೆರಳ ಎಣಸಿ ನೋಡೇನಿ. ಅದು ರಮಜಾನ ತಿಂಗಳು. ನೀ ರೋಜಾದ ಉಪಾಸ ಇರೂದಿಲ್ಲ, ನನಗ ಗೊತ್ತೈತಿ. ಅವಾ ಇರತಾನ. ಇನ್ನೂರ ರೂಪಾಯಿ ಅಂದ್ರ ನನ್ನ ಸಿಟ್ಟ ಇಳಿತೈತಿ ಅಂತ ತಿಳದಿಯೇನು? ನಿನ್ನ ಸುಳ್ಳು ಮತ್ತ ದೊಡ್ಡವಾಗಾಕತ್ತಾವ. ಅಷ್ಟು ಆರಾಮ ಆತೇನ ನಿನಗ?"

ಫೆಬ್ರುವರಿ ಕೊನೆಗೆ ರಜೆ ಸಿಕ್ಕಿದೆ.

ಶಾಬುದ್ದೀನ

*

ಇಳಕಲ್ಲ,
೧೯ ಫೆಬ್ರುವರಿ ೧೯೦೯

ಆಪಾ,

ಇದನ್ನು ಶಾಬುದ್ದೀನ ಒಂದಕ್ಷರ ಬಿಡದೆ ನಿನಗೆ ಓದಲಿ. ಮಡಿಕೆಯಲ್ಲಿ ಚೀಟಿ ಇಲ್ಲ.

ಬಾದಾಮಿಯ ಬಂಡೆಯನ್ನು ನಾನು ನಿಲ್ಲಿಸಲಿಲ್ಲ. ನಾನು ಅದನ್ನು ನೋಡಿದ್ದು ಒಂದೇ ಸಲ, ರೈಲಿನ ಕಿಟಕಿಯಿಂದ. ಇದನ್ನು ಮೊದಲು ಹೇಳಿದರೆ ಉಳಿದದ್ದು ಹೇಳಲು ಸಲೀಸಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಸೋಮವಾರ ಮುಂಜಾನೆ ಬಸ್ಕಿ ನಡೆದಿತ್ತು. ಉಸ್ತಾದರು ಎಣಿಸುತ್ತಿದ್ದರು. ಅಹ್ಮದ ಈಗ ಹಗ್ಗ ಹಿಡಿಯುವುದಿಲ್ಲ, ಆದರೆ ಬಲಗಾಲು ನಂಬುವಂತಿಲ್ಲವೆಂದು ನಾನು ಹಿಂದೆ ನಿಂತು ಬೆನ್ನಿಗೆ ಕೈ ಕೊಟ್ಟಿದ್ದೆ. ಹೆಸರು, ಹೆಸರು, ಹೆಸರು. ಎಂಟನೆಯದಕ್ಕೆ ಎದ್ದವನು ಹೆಸರು ಹೇಳಲಿಲ್ಲ.

"ಅವತ್ತ ರೋಜಾ ಇತ್ತು," ಎಂದ.

ಉಸ್ತಾದರು ನನ್ನ ಮೋರೆ ನೋಡಿದರು. ಎಣಿಕೆ ನಿಲ್ಲಿಸಲಿಲ್ಲ. "ಒಂಬತ್ತು."

"ನಾ ಅಂದೆ, ಮಾಮು, ಕಣ್ಣ ಮುಂದ ಕಪ್ಪ ಬರಾಕತ್ತೈತಿ, ಹಬ್ಬಾ ಆದಮ್ಯಾಲ ಎತ್ತತೇನಿ."

"ಹತ್ತು."

"ಮಾಮು ಅಂದಾ, ನಿಮ್ಮಬ್ಬಾ ಇದ್ದಿದ್ರ ರೋಜಾದಾಗೂ ಎತ್ತತಿದ್ದ. ನೀ ಅವನ ಮಗಾ ಹೌದೋ ಅಲ್ಲೋ?"

ಆಪಾ, ನನ್ನ ಕೈ ಅವನ ಬೆನ್ನ ಮೇಲಿತ್ತು. ತೆಗೆದರೆ ಅವನು ಬೀಳುತ್ತಾನೆ. ಇಟ್ಟರೆ ಉಳಿದದ್ದನ್ನೆಲ್ಲ ಕೇಳಬೇಕಾಗುತ್ತದೆ. ಗುಡೂರಿನಲ್ಲಿ ಅವನು ಬಿದ್ದ ಕ್ಷಣದಲ್ಲೂ ನನಗೆ ಅಂಥ ಅಂಜಿಕೆ ಆಗಿರಲಿಲ್ಲ. ಅಂದು ಅವನ ಪ್ರಾಣಕ್ಕೆ ಅಂಜಿದ್ದೆ. ಈಗ ಅವನಿಗೇ ಅಂಜಿದೆ. ಕೈ ಇಟ್ಟುಕೊಂಡೇ ನಿಂತೆ.

ಹನ್ನೊಂದಕ್ಕೆ ಟೊಪ್ಪಿಗೆಯ ವಿಷಯ ಹೇಳಿದ. ಪಣದ ರೊಕ್ಕವನ್ನು ಇಡಲು ನಾನು ಅವನ ತಲೆಯ ಟೊಪ್ಪಿಗೆಯನ್ನೇ ತೆಗೆದುಕೊಂಡಿದ್ದೆ. ಅದು ತಲೆಯ ಮೇಲಿದ್ದಿದ್ದರೆ ಪೆಟ್ಟು ಅಷ್ಟು ಬೀಳುತ್ತಿತ್ತೋ ಇಲ್ಲವೋ, ಅಲ್ಲಾನಿಗೆ ಗೊತ್ತು. ಹನ್ನೆರಡಕ್ಕೆ ಏಳಲಿಲ್ಲ. ಕೂತಲ್ಲಿಂದಲೇ ಕತ್ತು ತಿರುಗಿಸಿ ನನ್ನನ್ನು ನೋಡಿದ.

"ಮಾಮು, ನಿನಗ ಇದೆಲ್ಲಾ ಗೊತ್ತಿತ್ತು."

"ಗೊತ್ತಿತ್ತು."

"ನನಗ ನೆನಪ ಬಂದ್ರ ನಾ ಹೇಳ್ತೇನಿ ಅನ್ನೂದೂ ಗೊತ್ತಿತ್ತು."

"ಹೂಂ."

"ಮತ್ತ ದಿನಾ ಯಾಕ ಎಬ್ಬಸ್ತಿದ್ದಿ?"

ಉಸ್ತಾದರು ಕೋಲು ಕುಟ್ಟಿದರು. "ಕುಂತ್ರ ಕಾಲ ಸೆಟದೀತು. ಹನ್ನೆರಡು ಆಗಿಲ್ಲ ಇನ್ನಾ." ಅವನು ನನ್ನ ಕೈಯನ್ನು ದೂಡಲಿಲ್ಲ. ಹಿಡಿಯಲೂ ಇಲ್ಲ. ಎದ್ದ.

ಆ ದಿನದಿಂದ ನನ್ನೊಡನೆ ಹೆಚ್ಚು ಮಾತಾಡುವುದಿಲ್ಲ. ನೀ ಎಂದೇ ಕರೆಯುತ್ತಾನೆ, ಅದು ಒಂದು ಇದೆ. ಮೊನ್ನೆ ಹದಿನೇಳು ಬಾಗಿಲನ್ನೂ ಒಬ್ಬನೇ ನಡೆದು ಹೇಳಿದ. ನಾನು ಮನೆಯೊಳಗೆ ಕೂತು ಕೇಳುತ್ತಿದ್ದೆ. ಹದಿನಾಲ್ಕನೆಯದಕ್ಕೆ ಸುಮ್ಮನಾದ. ಅದು ಹಜರತಬಿ ಅಜ್ಜಿಯ ಮನೆ. ನನ್ನ ತುಟಿ ಇಲ್ಲಿ ಕತ್ತಲಲ್ಲಿ ಅಲ್ಲಾಡಿತು, ನೋಡುವವರಿರಲಿಲ್ಲ. ಬಾವಿಯಿಂದ ತಿರುಗಿ ಬರುವಾಗ ಅದನ್ನೂ ಹೇಳಿದ. ಈ ಸಲ ಬೆಲ್ಲ ಹಂಚಲಿಲ್ಲ.

ಮುಂಜಾನೆಯದು ಸಂಜೆಗೆ ಒಮ್ಮೊಮ್ಮೆ ಈಗಲೂ ಮರೆಯುತ್ತದೆ. ಬಲಗಾಲು ಎಳೆಯುತ್ತದೆ. ಮಗ್ಗದಲ್ಲಿ ಸೀರೆಯ ಒಡಲಿಗೆ ಸೆರಗಿನ ಕೊಂಡಿ ಜೋಡಿಸಲು ಕೂತರೆ ಎಳೆಗಳ ಲೆಕ್ಕ ತಪ್ಪಿ ಸಿಟ್ಟಾಗುತ್ತಾನೆ. ಮೊದಲಿನಂತೆ ಆಗುತ್ತಾನೋ ಎಂದು ಉಸ್ತಾದರನ್ನು ಕೇಳಿದೆ. "ನಾಳೆ ಎಬ್ಬಿಸು" ಎಂದರು, ಅಷ್ಟೇ. ನೀನು ಅವನನ್ನು ದಿನಾ ನಡೆಸಬೇಕು, ಆಪಾ. ನಡೆಸುತ್ತಲೇ ಕೇಳಬೇಕು. ಬೆನ್ನ ಹಿಂದೆ ಇರು, ಮುಂದೆ ನಿಲ್ಲಬೇಡ. ನಿನ್ನ ಬಾಯಿ ಅವನಿಗೆ ಕಾಣಬಾರದು.

ಬರುವ ಶುಕ್ರವಾರ ಹಣಮಪ್ಪನ ಗಾಡಿಯಲ್ಲಿ ಹೊರಡುತ್ತೇವೆ. ಶಾಬುದ್ದೀನ ಬರುವುದು ಬೇಡ, ಅಹ್ಮದನೇ ಬರುತ್ತಾನೆ. ನಾನು ಗಾಡಿಯ ಹತ್ತಿರ ನಿಲ್ಲುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು.

ಕೆಳಗಿನ ಎರಡು ಸಾಲು ಅವನವು. ನಾನು ಕೋಣೆಯ ಹೊರಗಿದ್ದಾಗ ಬರೆದದ್ದು.

*ಅಮ್ಮಾ ನಾ ಬರ್ತೇನಿ. ಕಾಲ ನೋಡಿ ಅಳಬ್ಯಾಡ.*
*ನಿನ್ನ ಹೆಸರು ಮಕ್ತುಮಬಿ. ಯಾರೂ ಹೇಳಿಕೊಟ್ಟಿಲ್ಲ.*

ನಿನ್ನ ತಮ್ಮ
ಫಕ್ರು

ತಾ.ಕ.: ಹನ್ನೊಂದನೆಯ ಬಸ್ಕಿಗೆ ಅವನು ಟೊಪ್ಪಿಗೆಯಲ್ಲಿ ಎಷ್ಟಿತ್ತೆಂಬುದನ್ನೂ ಹೇಳಿದ. ಅದನ್ನು ಮೇಲೆ ಬರೆಯಲು ನನ್ನ ಕೈ ಏಳಲಿಲ್ಲ. ಇನ್ನೂರು ಎಂದು ಬರೆದದ್ದು ಯಾಕೆಂದರೆ, ನಿನ್ನ ಮಗನನ್ನು ದೊಡ್ಡ ರಕಮಿಗೆ ಕಲ್ಲಿನ ಮುಂದೆ ನಿಲ್ಲಿಸಿದೆ ಎಂದರೆ ಅದರಲ್ಲಿ ಮನುಷ್ಯನ ಆಸೆಯಾದರೂ ಕಾಣುತ್ತದೆ ಎಂದು. ನಿನಗೆ ನನ್ನ ಸಣ್ಣ ಮಾತುಗಳಿಗೇ ಅಂಜಿಕೆ ಬರುತ್ತದೆ, ಆಪಾ. ಇದು ಸಣ್ಣದು, ಆದರೆ ಖರೆ. ನಾನು ಸೋತದ್ದು ಹನ್ನೆರಡು ಆಣೆ.